ಇಲ್ಲದ್ದರ ಗುರುತು

ಪೃಷ್ಠ, ಸೊಂಟದ ಸುತ್ತ, ತೊಡೆಯ ಒಳಬದಿ, ಹೆಂಗಸರಲ್ಲಿ ಸ್ತನದ ಕೆಳಭಾಗ. ಬಟ್ಟೆ ಸದಾ ಮುಚ್ಚಿರುವ, ಬಿಸಿಲು ಕಾಣದ ಜಾಗಗಳಲ್ಲೇ ಈ ಕಾಯಿಲೆ ಸಾಮಾನ್ಯವಾಗಿ ಮೊದಲು ತಲೆದೋರುತ್ತದೆ. ತೆಳ್ಳಗಿನ ಕೆಂಪು ಅಥವಾ ಮಾಸಲು ಕಲೆ, ಅದರ ಮೇಲೆ ನವಿರಾದ ಸುಕ್ಕು, ಒಂದಿಷ್ಟು ಹೊಟ್ಟು. ತುರಿಕೆ ಇರಬಹುದು, ಇಲ್ಲದೆಯೂ ಇರಬಹುದು. ಹುಳುಕಡ್ಡಿ ಎಂದು ಒಬ್ಬರು ಮುಲಾಮು ಕೊಡುತ್ತಾರೆ, ಇಸುಬು ಎಂದು ಇನ್ನೊಬ್ಬರು, ಸೋರಿಯಾಸಿಸ್ ಇರಬೇಕು ಎಂದು ಮತ್ತೊಬ್ಬರು. ಸ್ಟೀರಾಯ್ಡ್ ಹಚ್ಚಿದರೆ ಕಲೆ ಮಸುಕಾಗುತ್ತದೆ, ಬಿಟ್ಟರೆ ಮರಳುತ್ತದೆ. ಜೀವಕ್ಕೇನೂ ತೊಂದರೆಯಿಲ್ಲವಲ್ಲ ಎಂದು ಮನೆಯವರು ಮರೆಯುತ್ತಾರೆ. ಅದಕ್ಕೆ ಸರಿಯಾದ ಹೆಸರು ಸಿಗುವ ಹೊತ್ತಿಗೆ ಮೂರು ವರ್ಷವೋ ಅದಕ್ಕಿಂತ ಹೆಚ್ಚೋ ಉರುಳಿರುತ್ತದೆ. ಇದು ಯುರೋಪ್, ಅಮೆರಿಕದ ದೊಡ್ಡ ಆಸ್ಪತ್ರೆಗಳ ಅನುಭವ.

ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ವೈದ್ಯ ಜಾನ್ ಲೂಯಿ ಅಲಿಬೇರ್ 1806ರಲ್ಲಿ ಇದನ್ನು ಮೊದಲು ವರ್ಣಿಸಿದ. ಅವನ ರೋಗಿಯ ಮೈತುಂಬ ಅಣಬೆಯಾಕಾರದ ಗಡ್ಡೆಗಳೆದ್ದಿದ್ದವು. ಹಾಗಾಗಿ ಕಾಯಿಲೆಗೆ ಮೈಕೋಸಿಸ್ ಫಂಗಾಯ್ಡಿಸ್ ಎಂಬ ಹೆಸರು ಬಂತು. ಅದಕ್ಕೂ ಯಾವ ಶಿಲೀಂಧ್ರಕ್ಕೂ ಸಂಬಂಧವಿಲ್ಲ. ಅದೇ ನಗರದ ಬಾಜ಼ಾಂ 1870ರಲ್ಲಿ ಇದರ ನಡೆಯನ್ನು ಮೂರು ಹಂತಗಳಾಗಿ ಬಿಡಿಸಿಟ್ಟ: ಮೊದಲು ಚಪ್ಪಟೆ ಕಲೆ, ಆಮೇಲೆ ಕೈಗೆ ಹತ್ತುವ ದಪ್ಪ ತೇಪೆ, ಕೊನೆಗೆ ಗಡ್ಡೆ. ಅಲಿಬೇರ್ ಕಂಡದ್ದು ಕಥೆಯ ಕೊನೆಯ ಅಂಕವನ್ನು. ಬಹಳ ಮಂದಿಯಲ್ಲಿ ಆ ಅಂಕ ಬರುವುದೇ ಇಲ್ಲ. ಮೈಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಕಲೆಗಳಿರುವ ಆರಂಭದ ಹಂತದವರು ಉಳಿದವರಷ್ಟೇ ಕಾಲ ಬಾಳುತ್ತಾರೆ ಎನ್ನಬಹುದು. ಕೆಲವರಲ್ಲಿ ಮಾತ್ರ ಕಾಯಿಲೆ ಮುಂದಕ್ಕೆ ಹೆಜ್ಜೆ ಇಡುತ್ತದೆ. ಯಾರಲ್ಲಿ, ಯಾಕೆ ಎಂಬುದೇ ಈ ಅಧ್ಯಾಯದ ಪ್ರಶ್ನೆ.

ಇದು ಲಿಂಫೋಮಾ ಎಂಬ ಬಗೆಯ ಕ್ಯಾನ್ಸರ್. ಇಲ್ಲಿ ಕೆಡುವುದು ಚರ್ಮದ ಸ್ವಂತ ಕೋಶವಲ್ಲ. ಚರ್ಮದಲ್ಲಿ ಬೀಡುಬಿಟ್ಟಿರುವ ರೋಗನಿರೋಧಕ ವ್ಯವಸ್ಥೆಯ ಟಿ ಕೋಶ. ಟಿ ಕೋಶಗಳೆಂದರೆ ರಕ್ತದಲ್ಲಿ ಸುತ್ತುವ ಕೋಶಗಳು ಎಂದೇ ನಮ್ಮ ಪಠ್ಯಪುಸ್ತಕಗಳು ಕಲಿಸಿದ್ದವು. 2006ರಲ್ಲಿ ಬಾಸ್ಟನ್ನಿನ ರೇಚಲ್ ಕ್ಲಾರ್ಕ್ ಮತ್ತು ಸಂಗಡಿಗರು ಆರೋಗ್ಯವಂತರ ಚರ್ಮದಲ್ಲಿ ಅವನ್ನು ಎಣಿಸಿದಾಗ ಸಿಕ್ಕ ಅಂದಾಜು ಸುಮಾರು 2,000 ಕೋಟಿ. ಇಡೀ ರಕ್ತದಲ್ಲಿರುವುದರ ಸರಿಸುಮಾರು ಎರಡು ಪಟ್ಟು! ಹಿಂದೆಂದೋ ಎದುರಿಸಿದ ಸೋಂಕಿನ ನೆನಪಿಟ್ಟುಕೊಂಡು ಇವು ಅಲ್ಲೇ ಕಾಯುತ್ತಿರುತ್ತವೆ, ಊರು ಬಿಟ್ಟು ಹೋಗುವುದಿಲ್ಲ. ನಾಲ್ಕು ವರ್ಷಗಳ ಬಳಿಕ ಅದೇ ತಂಡ ಇನ್ನೊಂದು ಸಂಗತಿಯನ್ನು ತೋರಿಸಿತು. ಮೈಕೋಸಿಸ್ ಫಂಗಾಯ್ಡಿಸ್‌ನ ಕ್ಯಾನ್ಸರ್ ಕೋಶಗಳು ಚರ್ಮದಲ್ಲೇ ನೆಲೆಸುವ ಈ ಬಗೆಯ ಕೋಶಗಳನ್ನು ಹೋಲುತ್ತವೆ. ಅದರ ಬಂಧುವಾದ, ಮೈಯೆಲ್ಲ ಕೆಂಪಗಾಗಿ ರಕ್ತಕ್ಕೂ ಹರಡುವ ಸೆಜ಼ಾರಿ ಸಿಂಡ್ರೋಮ್‌ನ ಕೋಶಗಳು ರಕ್ತಕ್ಕೂ ಚರ್ಮಕ್ಕೂ ಓಡಾಡಬಲ್ಲ ಬಗೆಯವನ್ನು ಹೋಲುತ್ತವೆ. ಒಂದರ ಕಲೆಗಳು ವರ್ಷಗಟ್ಟಲೆ ಇದ್ದಲ್ಲೇ ಇರುವುದಕ್ಕೂ ಇನ್ನೊಂದು ಮೈತುಂಬ ಹಬ್ಬುವುದಕ್ಕೂ ಕಾರಣ ಅಲ್ಲಿಗೆ ಬಹುಮಟ್ಟಿಗೆ ತಿಳಿಯಿತು.

ಕೋಶದೊಳಗೆ ಏನು ಕೆಟ್ಟಿತು? ಕ್ಯಾನ್ಸರ್ ಎಂದೊಡನೆ ಯಾವುದೋ ಒಂದು ಜೀನ್ ಹುಚ್ಚೆದ್ದು ಕುಣಿಯಿತು ಎಂದು ಊಹಿಸುವುದು ರೂಢಿ. ಕೆಲವು ಕ್ಯಾನ್ಸರ್‌ಗಳ ಮಟ್ಟಿಗೆ ಅದು ನಿಜವೂ ಹೌದು. 2015ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜೇಹ್ಯುಕ್ ಚಾಯ್ ಮತ್ತು ರಿಚರ್ಡ್ ಲಿಫ್ಟನ್ ಅವರ ತಂಡ ರಕ್ತಕ್ಕಿಳಿದ ಚರ್ಮದ ಟಿ-ಕೋಶ ಲಿಂಫೋಮಾದ 40 ರೋಗಿಗಳ ಡಿಎನ್‌ಎ ಓದಿತು. ರೋಗಕ್ಕೆ ಕಾರಣವಾದ ಬದಲಾವಣೆಗಳಲ್ಲಿ 92 ಶೇಕಡಾ ಒಂದಕ್ಷರದ ತಪ್ಪುಗಳಾಗಿರಲಿಲ್ಲ. ಅವು ಡಿಎನ್‌ಎಯ ತುಂಡುಗಳೇ ಹೆಚ್ಚು ಕಡಿಮೆಯಾದ ಪ್ರಸಂಗಗಳು. ಒಬ್ಬ ರೋಗಿಗೆ ಸರಾಸರಿ 11.8 ಅಂಥ ಏರುಪೇರು, ಒಂದಕ್ಷರದ ತಪ್ಪು ಕೇವಲ 1. ಅದರಲ್ಲೂ ನಷ್ಟದ ಪಾಲೇ ದೊಡ್ಡದು. ಇದು ಬಹುತೇಕ ಕ್ಯಾನ್ಸರ್‌ಗಳಲ್ಲಿ ಕಾಣದ ಅನುಪಾತ. ಈ ಟಿ ಕೋಶಗಳಿಗೆ ಹೊಸ ದುರ್ಬುದ್ಧಿ ಬಂದದ್ದಕ್ಕಿಂತ ಹಳೆಯ ವಿವೇಕ ಹೋದದ್ದೇ ಜಾಸ್ತಿ.

ಘಾಟಿ ಇಳಿಯುವ ಬಸ್ಸಿನ ಚಾಲಕ ಒಂದೇ ಬ್ರೇಕನ್ನು ನಂಬಿರುವುದಿಲ್ಲ. ಕಾಲಬ್ರೇಕಿದೆ, ಕೈಬ್ರೇಕಿದೆ, ಕೆಳಗಿನ ಗೇರಿನಲ್ಲಿ ಎಂಜಿನ್ನೇ ಬಂಡಿಯನ್ನು ಹಿಡಿದಿಡುತ್ತದೆ. ಇವುಗಳಲ್ಲೊಂದು ಸಡಿಲವಾದರೂ ಬಯಲುಸೀಮೆಯ ರಸ್ತೆಯಲ್ಲಿ ಅದು ಯಾರ ಗಮನಕ್ಕೂ ಬರದು. ಟಿ ಕೋಶಕ್ಕೂ ಹೀಗೆ ಹಲವು ತಡೆಗಳಿವೆ. ಶತ್ರುವನ್ನು ಕಂಡಾಗ ಅದು ಒಂದರಿಂದ ಸಾವಿರವಾಗಬೇಕು, ಕೆಲಸ ಮುಗಿದ ಮೇಲೆ ಆ ಸಾವಿರದಲ್ಲಿ ಬಹುಪಾಲು ಸಾಯಬೇಕು. ಎರಡನೆಯದು ಮೊದಲನೆಯದಷ್ಟೇ ಕಷ್ಟದ ಕೆಲಸ. ಅದಕ್ಕಾಗಿಯೇ ಕೋಶ ಹತ್ತಾರು ಜೀನ್‌ಗಳನ್ನು ಇಟ್ಟುಕೊಂಡಿದೆ. ಈ ಲಿಂಫೋಮಾದಲ್ಲಿ ಕಾಣೆಯಾಗುವ ಜೀನ್‌ಗಳ ಪಟ್ಟಿ ತೆಗೆದರೆ ಅವುಗಳಲ್ಲಿ ಬಹಳಷ್ಟು ಇಲ್ಲೇ ಸಿಗುತ್ತವೆ.

ಫಾಸ್ ಎಂಬ ಜೀನ್ ಕೋಶದ ಮೇಲ್ಮೈಯಲ್ಲಿ ಒಂದು ಗ್ರಾಹಕವನ್ನು ಕಟ್ಟುತ್ತದೆ. ‘ಇನ್ನು ಸಾಯಿ’ ಎಂಬ ಆಜ್ಞೆ ಬರುವುದು ಆ ದಾರಿಯಲ್ಲಿ. ಆರನೇ ವರ್ಣತಂತುವಿನ ಎ20 ಜೀನ್ ಉರಿಯೂತದ ಸಂಜ್ಞೆಯನ್ನು ಸಕಾಲಕ್ಕೆ ನಿಲ್ಲಿಸುತ್ತದೆ. ಸೆಜ಼ಾರಿ ರೋಗಿಗಳ ಕೋಶಗಳಲ್ಲಿ ಇದು ಪದೇ ಪದೇ ಕಾಣೆಯಾಗಿರುವುದನ್ನು 2011ರಲ್ಲೇ ಜರ್ಮನಿಯ ವಿಜ್ಞಾನಿಗಳು ಗುರುತಿಸಿದ್ದರು. ಸಾಕ್ಸ್-1 ಜೀನ್ ಜ್ಯಾಕ್-ಸ್ಟ್ಯಾಟ್ ಎಂಬ ಸಂದೇಶಮಾರ್ಗಕ್ಕೆ ತಡೆ ಹಾಕುತ್ತದೆ. 2018ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ತಂಡ ಗಡ್ಡೆ ಹಂತದ ಮೈಕೋಸಿಸ್ ಫಂಗಾಯ್ಡಿಸ್‌ನ ಪೂರ್ತಿ ಜೀನೋಮನ್ನು ಓದಿದಾಗ ಸಾಕ್ಸ್-1 ಮತ್ತು ಅದೇ ಮಾರ್ಗಕ್ಕೆ ತಡೆಯಾದ ಇನ್ನೊಂದು ಜೀನ್ ಮತ್ತೆ ಮತ್ತೆ ಬಿದ್ದುಹೋಗಿದ್ದವು. ಆ ಮಾರ್ಗವನ್ನೇ ಅಡ್ಡಗಟ್ಟುವ ಮಾತ್ರೆಗಳು ಸಂಧಿವಾತಕ್ಕಾಗಿ ಅಂಗಡಿಯಲ್ಲಿ ಆಗಲೇ ಇದ್ದುದರಿಂದ ಈ ಸುದ್ದಿ ಕೇವಲ ಕುತೂಹಲದ್ದಾಗಿರಲಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಸ್ವಾರಸ್ಯದ್ದು ಝೆಬ್-1. ಹತ್ತನೇ ವರ್ಣತಂತುವಿನಲ್ಲಿರುವ ಈ ಜೀನ್ ಬೇರೆ ಜೀನ್‌ಗಳ ಬಾಯಿ ಮುಚ್ಚಿಸುವ ಕೆಲಸದ್ದು. ಟಿ ಕೋಶಗಳು ಬೆಳೆಯಲು ತಮಗೆ ತಾವೇ ಉಣಿಸಿಕೊಳ್ಳುವ ಇಂಟರ್‌ಲ್ಯೂಕಿನ್-2 ಎಂಬ ರಾಸಾಯನಿಕದ ಜೀನನ್ನು ಅದು ಅದುಮಿಡುತ್ತದೆ. ಇಂಟರ್‌ಲ್ಯೂಕಿನ್-15ಕ್ಕೂ ಅದೇ ಕಡಿವಾಣ. ಝೆಬ್-1 ಇಲ್ಲವಾದರೆ ಕೋಶ ತನ್ನ ಗೊಬ್ಬರವನ್ನು ತಾನೇ ತಯಾರಿಸಿಕೊಳ್ಳಲು ದಾರಿ ತೆರೆಯುತ್ತದೆ. ಈ ಜೀನನ್ನು ಕೆಡಿಸಿದ ಇಲಿಗಳಿಗೆ ಟಿ-ಕೋಶ ಲಿಂಫೋಮಾ ಬಂದುದನ್ನು ಜಪಾನಿನ ಸಂಶೋಧಕರು 2008ರಲ್ಲಿ ವರದಿ ಮಾಡಿದರು. ಇಂಟರ್‌ಲ್ಯೂಕಿನ್-15 ಮಿತಿಮೀರಿ ಉತ್ಪತ್ತಿಯಾಗುವಂತೆ ಮಾಡಿದ ಇಲಿಗಳಿಗೆ ಚರ್ಮದ ಲಿಂಫೋಮಾವೇ ಬಂತು ಎಂದು 2016ರಲ್ಲಿ ಅಮೆರಿಕದ ತಂಡವೊಂದು ತೋರಿಸಿತು. ಆ ಎರಡನೇ ಅಧ್ಯಯನದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕೆಲವು ರೋಗಿಗಳಲ್ಲಿ ಝೆಬ್-1 ಹೋಗಿರಲಿಲ್ಲ. ಅದು ಹೋಗಿ ಕೂರಬೇಕಾದ ಡಿಎನ್‌ಎ ಜಾಗಕ್ಕೆ ರಾಸಾಯನಿಕ ಮುದ್ರೆ ಬಿದ್ದು ಬಾಗಿಲು ಮುಚ್ಚಿತ್ತು. ಜೀನ್ ಇದ್ದೂ ಇಲ್ಲದಂತಾಗುವುದು ಹೀಗೂ ಸಾಧ್ಯ.

ಇನ್ನು ಪಿಡಿ-1. ಈ ಹೆಸರು ಕ್ಯಾನ್ಸರ್ ವಾರ್ಡುಗಳಲ್ಲಿ ಈಗ ಮನೆಮಾತು. ಟಿ ಕೋಶದ ಮೇಲಿರುವ ಈ ತಡೆಯನ್ನು ಔಷಧಿಯಿಂದ ಮುಚ್ಚಿದರೆ ಕೋಶ ಚುರುಕಾಗಿ ಗಡ್ಡೆಯ ಮೇಲೆ ಎರಗುತ್ತದೆ. ಆ ತತ್ತ್ವಕ್ಕೆ 2018ರ ನೊಬೆಲ್ ಪಾರಿತೋಷಕವನ್ನು ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಹಂಚಿಕೊಂಡರು. ಪಿಡಿ-1 ಹೊಂಜೊ ಪ್ರಯೋಗಾಲಯದ್ದೇ ಶೋಧ. ಆದರೆ ಕ್ಯಾನ್ಸರ್ ಆಗಿರುವುದೇ ಟಿ ಕೋಶವಾದರೆ? 2017ರಲ್ಲಿ ಮ್ಯೂನಿಕ್‌ನ ಯುರ್ಗೆನ್ ರುಲಾಂಟ್ ತಂಡ ಇಲಿಗಳಲ್ಲಿ ಇದನ್ನು ಒರೆಗೆ ಹಚ್ಚಿತು. ಟಿ ಕೋಶವನ್ನು ಕ್ಯಾನ್ಸರಿನತ್ತ ನೂಕುವ ಒಂದು ಜೀನನ್ನು ಅವು ಮೊದಲೇ ಹೊತ್ತಿದ್ದವು. ಪಿಡಿ-1 ಇದ್ದಷ್ಟು ಕಾಲ ಆ ನೂಕು ಹತೋಟಿಯಲ್ಲಿತ್ತು. ಅದನ್ನು ತೆಗೆದ ಕೂಡಲೇ ಲಿಂಫೋಮಾ ಭುಗಿಲೆದ್ದಿತು. ಎರಡು ನಕಲುಗಳಲ್ಲಿ ಒಂದನ್ನು ತೆಗೆದರೂ ಸಾಕಾಯಿತು.

ಈ ಕೊನೆಯ ಮಾತಿಗೆ ಸ್ವಲ್ಪ ವಿವರಣೆ ಬೇಕು. ನಮಗೆ ಪ್ರತಿ ಜೀನಿನ ಎರಡು ನಕಲುಗಳಿವೆ, ಅಪ್ಪನದೊಂದು, ಅಮ್ಮನದೊಂದು. ಕಣ್ಣಿನ ರೆಟಿನೊಬ್ಲಾಸ್ಟೋಮಾ ಕ್ಯಾನ್ಸರನ್ನು ಅಭ್ಯಸಿಸಿದ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಎರಡು ಪೆಟ್ಟಿನ ಸಿದ್ಧಾಂತ ಮಂಡಿಸಿದ. ತಡೆಯುವ ಜೀನ್ ಸೋಲಬೇಕಾದರೆ ಎರಡೂ ನಕಲು ಹೋಗಬೇಕು ಎಂಬುದು ಅದರ ಸಾರ. ಮೂರು ದಶಕ ಅದೇ ನಿಯಮವೆಂದು ಕಲಿತೆವು. ಟಿ ಕೋಶದ ಈ ತಡೆಗಳಲ್ಲಿ ಕೆಲವು ಅಷ್ಟು ಕಟ್ಟುನಿಟ್ಟಿನವಲ್ಲ. ಅರ್ಧ ಹೋದರೆ ಅರ್ಧ ಶಕ್ತಿ, ಆ ಅರ್ಧ ಶಕ್ತಿ ಇಳಿಜಾರಿಗೆ ಸಾಲದು. ಹಾಗಾಗಿ ಒಂದು ದೊಡ್ಡ ತುಂಡು ಬಿದ್ದುಹೋದಾಗ ಅದರೊಂದಿಗೆ ಐದಾರು ತಡೆಗಳು ಒಟ್ಟಿಗೆ ಅರೆಬರೆಯಾಗಬಹುದು. ಯಾವುದೂ ಪೂರ್ತಿ ಹೋಗಿಲ್ಲ, ಆದರೂ ಕೋಶ ನಿಲ್ಲುತ್ತಿಲ್ಲ.

ಔಷಧಿಯ ಕಡೆಗೂ ಇದರ ಬಿಸಿ ತಟ್ಟಿತು. ಎಚ್‌ಟಿಎಲ್‌ವಿ-1 ವೈರಸ್ಸಿನಿಂದ ಬರುವ ಮತ್ತೊಂದು ಟಿ-ಕೋಶ ಕ್ಯಾನ್ಸರಿನ ಮೂವರು ರೋಗಿಗಳಿಗೆ ಪಿಡಿ-1 ಮುಚ್ಚುವ ನಿವೊಲುಮ್ಯಾಬ್ ಕೊಟ್ಟಾಗ ಒಂದೇ ಡೋಸಿನ ಬಳಿಕ ರೋಗ ವೇಗವಾಗಿ ಉಲ್ಬಣಿಸಿತು. 2018ರಲ್ಲಿ ಪ್ರಕಟವಾದ ಆ ಪುಟ್ಟ ವರದಿ ಈ ಕ್ಷೇತ್ರದ ವೈದ್ಯರನ್ನು ಬೆಚ್ಚಿಬೀಳಿಸಿತು. ಹಾಗೆಂದು ಬಾಗಿಲು ಪೂರ್ತಿ ಮುಚ್ಚಲಿಲ್ಲ. ಅದೇ ಗುಂಪಿನ ಪೆಂಬ್ರೊಲಿಜ಼ುಮ್ಯಾಬನ್ನು ಚರ್ಮದ ಲಿಂಫೋಮಾದ 24 ಮಂದಿಗೆ ಕೊಟ್ಟು ನೋಡಿದ ಪ್ರಯೋಗದಲ್ಲಿ 38 ಶೇಕಡಾ ಜನರಿಗೆ ಗುಣ ಕಂಡಿತು. ಕೆಡುಕು ಕೋಶದ ಪಿಡಿ-1 ಉಳಿದಿದೆಯೋ ಇಲ್ಲವೋ ಎಂಬುದರ ಮೇಲೆ ಒಂದೇ ಔಷಧಿ ಮದ್ದೂ ಆಗಬಹುದು, ವಿಷವೂ ಆಗಬಹುದು ಎಂಬ ಅನುಮಾನಕ್ಕೆ ಸಾಕಷ್ಟು ಆಧಾರವಿದೆ.

ಇಲ್ಲಿಯತನಕ ಹೇಳಿದ್ದೆಲ್ಲ ಹೆಚ್ಚಾಗಿ ರಕ್ತಕ್ಕಿಳಿದ ಅಥವಾ ಗಡ್ಡೆಯಾದ ರೋಗದ ಲೆಕ್ಕ ಎಂಬುದನ್ನು ಚುರುಕಾದ ಓದುಗರು ಆಗಲೇ ಗಮನಿಸಿರುತ್ತಾರೆ. ಆರಂಭದ ಹಂತದ ಕಥೆ ಎಲ್ಲಿ? ಅಲ್ಲೇ ತೊಡಕಿರುವುದು. ಸೆಜ಼ಾರಿ ರೋಗಿಯ ರಕ್ತ ತೆಗೆದರೆ ಸೀಸೆ ತುಂಬ ಕ್ಯಾನ್ಸರ್ ಕೋಶ. ಆರಂಭದ ಚಪ್ಪಟೆ ಕಲೆಯಿಂದ ನಾಲ್ಕು ಮಿಲಿಮೀಟರ್ ಅಗಲದ ಚೂರು ತೆಗೆದರೆ ಅದರಲ್ಲಿ ಬಹುಪಾಲು ಒಳ್ಳೆಯ ಕೋಶಗಳು. ಚರ್ಮದವು ಒಂದಿಷ್ಟು, ಕೆಡುಕನ್ನು ಹಿಡಿಯಲು ಬಂದ ಆರೋಗ್ಯವಂತ ಟಿ ಕೋಶಗಳು ಇನ್ನೊಂದಿಷ್ಟು. ಕೆಟ್ಟವು ಬೆರಳೆಣಿಕೆ. ಎಲ್ಲವನ್ನೂ ಅರೆದು ಡಿಎನ್‌ಎ ಓದಿದರೆ ಯಾವ ಜೀನೂ ಕಾಣೆಯಾಗಿರುವುದಿಲ್ಲ! ಹೊಸ ಅಕ್ಷರ ಬಂದಿದ್ದರೆ ನೂರು ಸಲ ಓದಿದಾಗ ಐದು ಸಲವಾದರೂ ಕಣ್ಣಿಗೆ ಬೀಳುತ್ತದೆ. ಇಲ್ಲದ ತುಂಡು ಹಾಗೆ ಬೀಳುವುದಿಲ್ಲ, ಯಾಕೆಂದರೆ ಪಕ್ಕದ ಆರೋಗ್ಯವಂತ ಕೋಶದ ತುಂಡು ಅದರ ಜಾಗವನ್ನು ತುಂಬಿಬಿಡುತ್ತದೆ. ಇರುವುದನ್ನು ಹುಡುಕಲು ನಮ್ಮ ಯಂತ್ರಗಳು ಜಾಣವಾಗಿವೆ. ಇಲ್ಲದ್ದನ್ನು ಹುಡುಕುವಾಗ ತಡವರಿಸುತ್ತವೆ. ಒಂದೊಂದೇ ಕೋಶವನ್ನು ಬಿಡಿಸಿ ಓದುವ ತಂತ್ರ ಬಂದ ಮೇಲಷ್ಟೇ ಈ ತಡವರಿಕೆ ಕಡಿಮೆಯಾಗುತ್ತಿದೆ.

ರೋಗಶಾಸ್ತ್ರಜ್ಞರು ಇದೇ ಸಮಸ್ಯೆಯನ್ನು ದಶಕಗಳಿಂದ ಬಣ್ಣ ಹಚ್ಚಿ ಎದುರಿಸಿದ್ದಾರೆ. ಆರೋಗ್ಯವಂತ ಟಿ ಕೋಶದ ಮೈಮೇಲೆ ಸಿಡಿ2, ಸಿಡಿ3, ಸಿಡಿ5, ಸಿಡಿ7 ಎಂಬ ಪ್ರೊಟೀನ್‌ಗಳಿರುತ್ತವೆ. ಚರ್ಮದ ತೆಳುವಾದ ಸೀಳಿಗೆ ಒಂದೊಂದಕ್ಕೂ ಬಣ್ಣ ಕೊಟ್ಟು ನೋಡಿದಾಗ ಹೊರಚರ್ಮಕ್ಕೆ ನುಗ್ಗಿದ ಕೋಶಗಳಲ್ಲಿ ಸಿಡಿ7 ಬಣ್ಣ ಹಿಡಿಯದಿದ್ದರೆ ಹುಬ್ಬೇರುತ್ತದೆ. ಸಿಡಿ5 ಕೂಡ ಇಲ್ಲದಿದ್ದರೆ ಅನುಮಾನ ಬಲವಾಗುತ್ತದೆ. ಇಲ್ಲಿ ಜೀನೇ ಕಾಣೆಯಾಗಿರಬೇಕೆಂದಿಲ್ಲ, ಅದು ಮೌನವಾಗಿದ್ದರೂ ಸಾಕು. ಆದರೆ ಬಹುಕಾಲ ಉರಿಯೂತವಿದ್ದ ಮಾಮೂಲಿ ಇಸುಬಿನ ಕೋಶಗಳೂ ಸಿಡಿ7 ಕಳೆದುಕೊಳ್ಳುತ್ತವೆ. ಹಾಗಾಗಿ ‘ಲಿಂಫೋಮಾ ಇರಬಹುದು, ಇಲ್ಲದಿರಲೂಬಹುದು, ಮತ್ತೆ ಬಯಾಪ್ಸಿ ಮಾಡಿ’ ಎಂಬ ವರದಿ ಬಂದರೆ ರೋಗಿ ಸಿಡಿಮಿಡಿಗೊಳ್ಳುವುದು ಸಹಜ. ವೈದ್ಯರು ಕೈ ತೊಳೆದುಕೊಂಡರು ಎಂದು ತಿಳಿಯಬಾರದು. ಅದು ಪ್ರಾಮಾಣಿಕ ವರದಿ.

ಈ ಇಕ್ಕಟ್ಟಿನಲ್ಲಿ ಸಹಾಯಕ್ಕೆ ಬಂದದ್ದೂ ಒಂದು ಜೀನ್ ನಷ್ಟವೇ. ಅದು ಮಾತ್ರ ಕಾಯಿಲೆಯ ನಷ್ಟವಲ್ಲ, ಕಾಯಿದೆಬದ್ಧ ನಷ್ಟ. ಎದೆಯ ಥೈಮಸ್ ಗ್ರಂಥಿಯಲ್ಲಿ ಬಲಿಯುವಾಗ ಪ್ರತಿಯೊಂದು ಟಿ ಕೋಶವೂ ತನ್ನ ಡಿಎನ್‌ಎಯನ್ನು ಬೇಕೆಂದೇ ಕತ್ತರಿಸುತ್ತದೆ. ಶತ್ರುವನ್ನು ಗುರುತಿಸುವ ಗ್ರಾಹಕದ ಜೀನ್ ಬಿಡಿ ತುಂಡುಗಳ ಸಾಲಾಗಿರುತ್ತದೆ. ರ‍್ಯಾಗ್ ಎಂಬ ಕಿಣ್ವ ಒಂದೆರಡನ್ನು ಆರಿಸಿ ಜೋಡಿಸಿ ನಡುವಿನದನ್ನು ಎಸೆಯುತ್ತದೆ. ಹದಿನಾಲ್ಕನೇ ವರ್ಣತಂತುವಿನಲ್ಲಿ ಆಲ್ಫಾ ಗ್ರಾಹಕದ ಜೀನ್ ಜೋಡಣೆಯಾಗುವಾಗ ಅದರ ಹೊಟ್ಟೆಯೊಳಗೇ ಇರುವ ಡೆಲ್ಟಾ ಗ್ರಾಹಕದ ಇಡೀ ಜೀನ್ ಕತ್ತರಿಸಿ ಹೋಗುತ್ತದೆ. ಎಸೆದ ತುಂಡು ಪುಟ್ಟ ಉಂಗುರವಾಗಿ ಕೋಶದೊಳಗೆ ಕೆಲಕಾಲ ಉಳಿಯುತ್ತದೆ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದಲ್ಲಿ ಈ ಉಂಗುರಗಳನ್ನು ಎಣಿಸಿ ಮಗುವಿಗೆ ರೋಗನಿರೋಧಕ ಶಕ್ತಿ ಇದೆಯೇ ಎಂದು ತಿಳಿಯುವ ತಪಾಸಣೆ 2008ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಶುರುವಾಯಿತು.

ಕತ್ತರಿ ಪ್ರತಿ ಕೋಶದಲ್ಲೂ ಬೇರೆ ಜಾಗದಲ್ಲಿ ಬೀಳುತ್ತದೆ. ಆದ್ದರಿಂದ ಆರೋಗ್ಯವಂತ ಚರ್ಮದ ಸಾವಿರ ಟಿ ಕೋಶಗಳಲ್ಲಿ ಸಾವಿರ ಬಗೆಯ ಜೋಡಣೆ. ಕ್ಯಾನ್ಸರ್ ಎಂದರೆ ಒಂದೇ ಕೋಶದ ಸಂತಾನ, ಎಲ್ಲದರ ಜೋಡಣೆಯೂ ಒಂದೇ. 2018ರಲ್ಲಿ ರೇಚಲ್ ಕ್ಲಾರ್ಕ್ ತಂಡ ಈ ಜೋಡಣೆಗಳನ್ನು ಒಂದೊಂದಾಗಿ ಓದಿ ಎಣಿಸಿತು. ಆರಂಭದ ಹಂತದ ರೋಗಿಯ ಕಲೆಯಲ್ಲಿ ಒಂದೇ ಸಂತಾನದ ಪಾಲು ಟಿ ಕೋಶಗಳ 25 ಶೇಕಡಾ ದಾಟಿದ್ದರೆ ರೋಗ ಮುಂದುವರಿಯುವ ಸಂಭವ ಹೆಚ್ಚು ಎಂದು ಕಂಡಿತು. ಕಲೆಯ ಅಗಲ, ರೋಗಿಯ ವಯಸ್ಸು ಮುಂತಾದ ಹಳೆಯ ಸೂಚಕಗಳಿಗಿಂತ ಇದು ಚೆನ್ನಾಗಿ ಭವಿಷ್ಯ ನುಡಿಯಿತು. ಆರಂಭದ ಹಂತದ ಬಗ್ಗೆ ಇದುವರೆಗೆ ಸಿಕ್ಕ ಅತ್ಯಂತ ಉಪಯುಕ್ತ ಅಂಕಿ ಇದೇ ಎಂದು ನನ್ನ ಅನಿಸಿಕೆ.

ಕೆನಡಾದ ಆಲ್ಬರ್ಟಾದಲ್ಲಿ ರಾಬರ್ಟ್ ಗ್ನಿಯಾಡೆಕಿ ತಂಡದ ಅಧ್ಯಯನಗಳು ಈ ಸರಳ ಚಿತ್ರಕ್ಕೆ ಕೊಕ್ಕೆ ಹಾಕಿವೆ. ಅವರು ನೋಡಿದ ಮೈಕೋಸಿಸ್ ಫಂಗಾಯ್ಡಿಸ್ ಮಾದರಿಗಳಲ್ಲಿ ಒಂದಕ್ಕಿಂತ ಹೆಚ್ಚು ಜೋಡಣೆಗಳಿದ್ದವು, ಕವಲೊಡೆದ ವಂಶವೃಕ್ಷವಿತ್ತು. ಹಾಗಾದರೆ ಮೊದಲ ಕೆಡುಕು ಆದದ್ದು ಚರ್ಮದಲ್ಲಲ್ಲ, ಗ್ರಾಹಕದ ಜೋಡಣೆ ಮುಗಿಯುವ ಮುಂಚಿನ ಎಳೆಯ ಕೋಶದಲ್ಲಿ ಎಂಬುದು ಅವರ ವಾದ. ಎಲ್ಲರೂ ಇದನ್ನು ಒಪ್ಪಿಲ್ಲ. ನಷ್ಟಗಳ ಕ್ರಮದಲ್ಲಿ ಮಾತ್ರ ಒಂದು ಸಂಗತಿ ಗಟ್ಟಿ. ಒಂಬತ್ತನೇ ವರ್ಣತಂತುವಿನಲ್ಲಿರುವ, ಕೋಶವಿಭಜನೆಯನ್ನು ನಿಲ್ಲಿಸುವ ಸಿಡಿಕೆಎನ್2ಎ ಜೀನ್ ಹೋಗುವುದು ಹೆಚ್ಚಾಗಿ ಗಡ್ಡೆಯ ಹಂತದಲ್ಲಿ, ಅದು ಕೆಟ್ಟ ಸೂಚನೆ. ಚಪ್ಪಟೆ ಕಲೆಯಲ್ಲೇ ಅದು ಸಿಕ್ಕಿದರೆ ವೈದ್ಯರು ಆ ರೋಗಿಯನ್ನು ಪದೇ ಪದೇ ಕರೆಸಿ ನೋಡುವುದು ಲೇಸು.

ತಡೆಗಳು ಸಡಿಲವಾದ ಮಾತ್ರಕ್ಕೆ ಕೋಶ ಓಡಬೇಕೆಂದಿಲ್ಲ, ಯಾರಾದರೂ ನೂಕಬೇಕು. ಡೆನ್ಮಾರ್ಕಿನ ನೀಲ್ಸ್ ಊಡುಮ್ ಮತ್ತು ಸಹೋದ್ಯೋಗಿಗಳ ಪ್ರಕಾರ ನೂಕುವವರಲ್ಲಿ ಒಬ್ಬ ನಮ್ಮ ಚರ್ಮದ ಹಳೆಯ ಅತಿಥಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಅದು ಸ್ರವಿಸುವ ವಿಷಗಳು ಟಿ ಕೋಶಗಳನ್ನು ಒಟ್ಟೊಟ್ಟಿಗೆ ಕೆರಳಿಸುತ್ತವೆ. ಮುಂದುವರಿದ ರೋಗದ ಕೆಲವರಿಗೆ ತೀವ್ರ ಆಂಟಿಬಯಾಟಿಕ್ ಕೊಟ್ಟಾಗ ಬ್ಯಾಕ್ಟೀರಿಯಾದೊಂದಿಗೆ ಲಿಂಫೋಮಾದ ಆರ್ಭಟವೂ ತಗ್ಗಿತು ಎಂದು ಅವರು 2019ರಲ್ಲಿ ಬರೆದರು.

ಕಂದು ಮೈಬಣ್ಣದ ನಮ್ಮಲ್ಲಿ ಈ ಕಾಯಿಲೆಗೆ ಇನ್ನೊಂದು ವೇಷವಿದೆ. ಮಕ್ಕಳಲ್ಲಿ, ಹರೆಯದವರಲ್ಲಿ ಅದು ಕೆಂಪಾಗದೆ ಬಿಳಿಚಿದ ಮಚ್ಚೆಗಳಾಗಿ ಬರುತ್ತದೆ. ಇಲ್ಲಿನ ಕ್ಯಾನ್ಸರ್ ಕೋಶ ಬಹಳ ಸಲ ಸಿಡಿ8 ಎಂಬ ಪ್ರೊಟೀನ್ ಹೊತ್ತ ಬಗೆಯದು, ರೋಗದ ನಡೆ ನಿಧಾನ. ತೊನ್ನು ಎಂದೋ ಕುಷ್ಠ ಎಂದೋ ತಪ್ಪು ತಿಳಿಯುವುದು ಸುಲಭ. ಜಗತ್ತಿನ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರಾದ್ದರಿಂದ ಬಿಳಿ ಮಚ್ಚೆ ಕಂಡ ವೈದ್ಯರಿಗೆ ಮೊದಲು ಅದೇ ನೆನಪಾಗುವುದು ತಪ್ಪಲ್ಲ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಕುಂದಿರುತ್ತದೆ, ಲಿಂಫೋಮಾದ ಮಚ್ಚೆಯಲ್ಲಿ ಉಳಿದಿರುತ್ತದೆ. ತೊನ್ನಿನಲ್ಲಿ ಬಣ್ಣ ಪೂರ್ತಿ ಹೋಗಿರುತ್ತದೆ, ಇಲ್ಲಿ ಅರೆಬರೆ ಹೋಗಿರುತ್ತದೆ. ಆದರೂ ಬಯಾಪ್ಸಿ ಇಲ್ಲದೆ ತೀರ್ಪು ಕೊಡುವಂತಿಲ್ಲ. ಆರಂಭದ ಹಂತಕ್ಕೆ ಚಿಕಿತ್ಸೆ ಇಂದಿಗೂ ಸಾದಾ: ಸ್ಟೀರಾಯ್ಡ್ ಮುಲಾಮು, ನೇರಳಾತೀತ ಬೆಳಕು. ಇದೇ ಕಾಯಿಲೆಯನ್ನು ಇಸುಬೆಂದು ತಿಳಿದು ಡುಪಿಲುಮ್ಯಾಬ್ ಚುಚ್ಚುಮದ್ದು ಕೊಟ್ಟ ಮೇಲೆ ಲಿಂಫೋಮಾ ಬಯಲಾದ ಪ್ರಕರಣಗಳು ಹೊರದೇಶಗಳಿಂದ ವರದಿಯಾಗಿವೆ.

ನಷ್ಟದಿಂದ ಲಾಭ ತೆಗೆಯುವವರೂ ಇದ್ದಾರೆ. ರೋಗಿಯ ಟಿ ಕೋಶವನ್ನೇ ತಿದ್ದಿ ಕ್ಯಾನ್ಸರ್ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆ ಈಗ ಮುಂಬಯಿಯಲ್ಲೇ ತಯಾರಾಗುತ್ತದೆ. ಪೆನ್ಸಿಲ್ವೇನಿಯಾದ ಒಬ್ಬ ರಕ್ತ ಕ್ಯಾನ್ಸರ್ ರೋಗಿಗೆ ಕೊಟ್ಟ ಕೋಶಗಳಲ್ಲಿ ಒಂದೇ ಒಂದು ಕೋಶದ ಟೆಟ್-2 ಜೀನ್ ಆಕಸ್ಮಿಕವಾಗಿ ಮುರಿದಿತ್ತು. ಅದರ ಸಂತತಿಯೇ ಹಬ್ಬಿ ಅವರ ಕ್ಯಾನ್ಸರನ್ನು ಅಳಿಸಿತು ಎಂದು 2018ರಲ್ಲಿ ವರದಿಯಾಯಿತು. ಟೆಟ್-2 ಚರ್ಮದ ಲಿಂಫೋಮಾದಲ್ಲೂ ಕೆಡುವ ಜೀನ್! ಚಾಯ್ ಮತ್ತು ಕೋಲ್ ರೋಯ್ಬಲ್ ತಂಡಗಳು ಇದನ್ನು ಇನ್ನೂ ಮುಂದಕ್ಕೆ ಒಯ್ದವು. ಟಿ-ಕೋಶ ಲಿಂಫೋಮಾಗಳಲ್ಲಿ ಸಿಕ್ಕ ಬದಲಾವಣೆಗಳನ್ನೇ ಒಂದೊಂದಾಗಿ ಚಿಕಿತ್ಸೆಯ ಕೋಶಗಳಿಗೆ ಸೇರಿಸಿ ನೋಡಿದಾಗ, ಎರಡು ಜೀನ್‌ಗಳು ಬೆಸೆದುಕೊಂಡ ಒಂದು ಬದಲಾವಣೆ ಇಲಿಗಳಲ್ಲಿ ಕೋಶಗಳನ್ನು ಬಲಶಾಲಿಯಾಗಿಸಿತು. ಇದು 2024ರ ಮಾತು. ಅದೇ ವರ್ಷ ಜನವರಿಯಲ್ಲಿ, ಕಾರ್-ಟಿ ಪಡೆದ ಕೆಲವರಲ್ಲಿ ಟಿ-ಕೋಶ ಕ್ಯಾನ್ಸರ್ ಕಂಡುಬಂದುದರಿಂದ, ಅಮೆರಿಕದ ಔಷಧ ನಿಯಂತ್ರಕರು ಈ ಚಿಕಿತ್ಸೆಗಳ ಮೇಲೆ ಎಚ್ಚರಿಕೆಯ ಚೌಕಟ್ಟು ಹಾಕಿಸಲು ಮುಂದಾದರು.

ಓದುಗರಿಗೆ ಒಂದು ಮಾತು. ಬಟ್ಟೆಯಡಿಯ ಕಲೆ ತಿಂಗಳುಗಟ್ಟಲೆ ಹೋಗದಿದ್ದರೆ ಔಷಧಿ ಅಂಗಡಿಯ ಮಿಶ್ರ ಮುಲಾಮನ್ನು ನಂಬಿ ಕೂರದೆ ಚರ್ಮತಜ್ಞರನ್ನು ಕಾಣಿ. ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಹಚ್ಚಿದ್ದರೆ ಅದನ್ನು ಹೇಳಿ, ಕೆಲವು ವಾರ ನಿಲ್ಲಿಸಲು ಅವರು ಸೂಚಿಸಬಹುದು. ಪ್ರಯೋಗಾಲಯದವರು ಮೇಣದಲ್ಲಿ ಹುದುಗಿಸಿಟ್ಟ ಚರ್ಮದ ಚೂರನ್ನು ಬ್ಲಾಕ್ ಎನ್ನುತ್ತಾರೆ. ಊರು ಬದಲಿಸಿದರೂ, ವೈದ್ಯರನ್ನು ಬದಲಿಸಿದರೂ ಅದನ್ನು ಕೇಳಿ ಪಡೆದು ಇಟ್ಟುಕೊಳ್ಳಿ. ಎರಡು ವರ್ಷದ ಹಿಂದಿನ ಚೂರಿನಲ್ಲೂ ಇಂದಿನ ಚೂರಿನಲ್ಲೂ ಒಂದೇ ಸಂತಾನದ ಟಿ ಕೋಶಗಳು ಸಿಕ್ಕರೆ, ಒಂಟಿ ಬಯಾಪ್ಸಿ ಹೇಳಲಾರದ್ದನ್ನು ಆ ಜೋಡಿ ಹೇಳುತ್ತದೆ.